ಹಾಕಿದವರೇ ಆರಿಸಬೇಕು

ಆಗಸ್ಟ್ 4, ಸೋಮವಾರ

ಹೊಸದುರ್ಗದ ಬಸ್ಸು ಇವತ್ತೂ ತಡ. ಹಿರಿಯೂರಿನವರೆಗೆ ನಿಂತೇ ಬಂದೆ. ಚೀಲದಲ್ಲಿದ್ದ ಕಾದಂಬರಿ ತೆಗೆಯಲಾಗಲಿಲ್ಲ.

ಎರಡನೇ ಲೈನಿನ ಎಲ್ಲ ಮೆಷಿನ್‌ಗಳಿಗೂ ಕೆಂಪು ಲೈಟು ಕೂರಿಸಿ ಆಯಿತು. ಗಾರ್ಮೆಂಟ್ಸ್‌ಗೆ ಲೀನ್, ಅಂದರೆ ಏನೂ ವ್ಯರ್ಥವಾಗದ ಕೆಲಸದ ಪದ್ಧತಿ, ತರಲೆಂದೇ ನನ್ನನ್ನು ತೆಗೆದುಕೊಂಡದ್ದು. ಬಂದ ಹೊಸತರಲ್ಲಿ ಬಂಡಲ್ ತೆಗೆಸಿದೆ — ಬಟ್ಟೆಯ ಕಟ್ಟುಗಳು, ಹೊಲಿದವರ ಹೆಸರಿನ ಚೀಟಿ ಹೊತ್ತು, ದಿನಗಟ್ಟಲೆ ಮೂಲೆಯಲ್ಲಿ ಬಿದ್ದಿರುತ್ತಿದ್ದವು. ಈಗ ಒಂದೊಂದೇ ಪೀಸ್, ಕೈಯಿಂದ ಕೈಗೆ. ಈಗ ಲೈಟು. ನಿಯಮ ಸರಳ. ತಪ್ಪು ಕಂಡವರು ಸ್ವಿಚ್ ಒತ್ತಬೇಕು, ಇಡೀ ಲೈನ್ ನಿಲ್ಲಬೇಕು. ಹಾಕಿದವರೇ ಆರಿಸಬೇಕು. ಮ್ಯಾನೇಜರ್ ಕೂಡ ಮುಟ್ಟುವಂತಿಲ್ಲ.

ಯಾರೂ ಒತ್ತಲಿಲ್ಲ. ಸಂಜೆ ಪ್ರೊಡಕ್ಷನ್ ಮ್ಯಾನೇಜರ್ ದಯಾನಂದ ಸರ್‌ಗೆ ಖುಷಿ. “ಒಂದೂ ಉರೀಲಿಲ್ಲ ನೋಡ್ರಿ ಮೋನಿಕಾ. ಎಲ್ಲಾ ಓಕೆ.”

ಚೆಕಿಂಗ್ ಟೇಬಲ್ ಮೇಲೆ ರಿಜೆಕ್ಟ್ ಗುಡ್ಡೆ ಶನಿವಾರದಷ್ಟೇ ಎತ್ತರ.

ಆಗಸ್ಟ್ 6

ಗಿರಿಯಮ್ಮನವರನ್ನು ಕೇಳಿದೆ. ಯಲ್ಲದಕೆರೆಯಿಂದ ಬರುತ್ತಾರೆ, ತೋಳು ಕೂರಿಸುವ ಮೆಷಿನ್. ಲೈನಿನಲ್ಲಿ ಹಿರಿಯರು. ಯಾಕೆ ಒತ್ತಲಿಲ್ಲ?

“ಲೈಟ್ ಹತ್ತಿದ್ರೆ ಎಲ್ರೂ ನನ್ ಕಡೆ ತಿರುಗ್ತಾರೆ ಮೇಡಂ. ಮದುವೆ ಊಟದಾಗೆ ಸಾರಿನ ಬಕೀಟು ಚೆಲ್ಲಿದಂಗೆ.”

ಒತ್ತಿ ನೋಡಿ, ನಾನು ಬಂದು ನಿಮ್ಮ ಪಕ್ಕ ನಿಲ್ಲುತ್ತೇನೆ, ಯಾರೂ ಒಂದು ಮಾತು ಆಡದಂತೆ ನೋಡಿಕೊಳ್ಳುತ್ತೇನೆ ಎಂದೆ. ಸುಲಭವಾಗಿ ಬಂತು ಮಾತು.

ಆಗಸ್ಟ್ 11

ಗಿರಿಯಮ್ಮ ಒತ್ತಿದರು. ಎಡ ತೋಳು, ಬಲ ತೋಳು ಅಳತೆ ಬೇರೆ — ಕಟಿಂಗ್‌ನಲ್ಲೇ ತಪ್ಪು. ಓಡಿಹೋಗಿ ಪಕ್ಕ ನಿಂತೆ. ಇಡೀ ಲೈನ್ ತಿರುಗಿತು. ಮುಂದಿನ ಮೆಷಿನ್‌ನ ಬರಗೇರಮ್ಮ ಸುಮ್ಮನಿರುವವರಲ್ಲ.

“ಗಿರಿಯಕ್ಕನ ಮನೇಲಿ ಮಾತ್ರ ಕರೆಂಟ್ ಐತೆ ಕಣ್ರೇ.”

ನಕ್ಕರು. ಗಿರಿಯಮ್ಮನೂ ನಕ್ಕರು. ಮಧ್ಯಾಹ್ನ ಇನ್ನೂ ಮೂರು ಕಡೆ ಲೈಟು ಹತ್ತಿತು.

ಆಗಸ್ಟ್ 20

ರಿಜೆಕ್ಟ್ ಗುಡ್ಡೆ ಇಲ್ಲ. ಆ ಟೇಬಲ್ ಮೇಲೆ ಈಗ ಬುತ್ತಿ ಇಡುತ್ತಾರೆ. ದಯಾನಂದ ಸರ್ ಫೋನಿನಲ್ಲಿ ಹೆಡ್ ಆಫೀಸಿಗೆ “ನಮ್ಮ ಸಿಸ್ಟಮ್ ಸಾರ್” ಅನ್ನುತ್ತಿದ್ದರು. ಇರಲಿ.

ಮಕ್ಕಳ ಫ್ರಾಕ್ ಆರ್ಡರ್ 25ಕ್ಕೆ ಲಾರಿ ಹತ್ತಬೇಕು. ಹತ್ತಿದರೆ ಗೌರಿ, ಗಣೇಶ ಎರಡೂ ದಿನ ರಜೆ. ಬರಗೇರಮ್ಮನ ಮಗಳಿಗೆ ಮದುವೆಯಾದ ಮೇಲೆ ಮೊದಲ ಗೌರಿ. ಬಾಗಿನದ ಮೊರ ಆಗಲೇ ತಂದಿಟ್ಟಿದ್ದಾರಂತೆ.

ಆಗಸ್ಟ್ 25, ಸೋಮವಾರ. ಊಟದ ಬಿಡುವು

ಸ್ಟೋರ್ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ.

ಲಾರಿ ಅರ್ಧ ತುಂಬಿತ್ತು. ಗಿರಿಯಮ್ಮನ ಲೈಟು ಹತ್ತಿತು. ಹೊಲಿಗೆ ತಪ್ಪಿದ್ದಕ್ಕೆ ಸೂಜಿ ತೆಗೆದು ನೋಡಿದ್ದಾರೆ — ತುದಿ ಇಲ್ಲ. ಯಾವಾಗ ಹಾರಿತೋ ತಿಳಿಯದು. ಬೆಳಿಗ್ಗೆ ಸರಿಯಿತ್ತು. ಮೆಷಿನ್ ಕೆಳಗೆ, ನೆಲದ ಮೇಲೆ, ಸೆರಗಿನಲ್ಲಿ ಹುಡುಕಿದೆವು. ಇಲ್ಲ. ಬಂಡಲ್ ಇದ್ದಿದ್ದರೆ ಅವರ ಚೀಟಿ ನೋಡಿ ಬಿಚ್ಚಬಹುದಿತ್ತು. ಈಗ ಬೆಳಗಿನಿಂದ ಹೊಲಿದ ಯಾವ ಫ್ರಾಕಿನಲ್ಲಾದರೂ ಇರಬಹುದು. ಎಲ್ಲ ಇಸ್ತ್ರಿಯಾಗಿ, ಪ್ಯಾಕ್ ಆಗಿ, ಲಾರಿಯಲ್ಲಿವೆ. ಲೋಹ ಹಿಡಿಯುವ ಮೆಷಿನ್ ಶನಿವಾರದಿಂದ ಕೆಟ್ಟಿದೆ. ಎರಡು ವರ್ಷದ ಮಕ್ಕಳ ಬಟ್ಟೆ.

ನಿಯಮದಂತೆ ಮುರಿದ ಸೂಜಿಯ ಅಷ್ಟೂ ಚೂರು ಜೋಡಿಸಿ ದಾಖಲೆಯ ಕಾರ್ಡಿಗೆ ಅಂಟಿಸಬೇಕು. ಅಲ್ಲಿಯವರೆಗೆ ಮಾಲು ಹೋಗುವಂತಿಲ್ಲ. ದಯಾನಂದ ಸರ್ ಮೆಕ್ಯಾನಿಕ್ ಉಗ್ರಪ್ಪನನ್ನು ಕರೆದರು. “ಇನ್ನೊಂದು ಸೂಜಿ ತಗಂಡು ತುದಿ ಮುರಿಯಪ್ಪ.” ಉಗ್ರಪ್ಪ ಯಾರ ಮುಖವನ್ನೂ ನೋಡದೆ ಮುರಿದ. ಅಂಟಿಸಿದರು.

“ಸಿಕ್ತು. ಲೈಟ್ ಆರ್ಸಮ್ಮ.”

“ಸಿಕ್ಕಿಲ್ವಲ್ಲ ಸಾರ್.”

“ಏ ಗಿರಿಯಕ್ಕ, ಆರ್ಸೆ,” ಬರಗೇರಮ್ಮ. “ನಾಳೆ ಗೌರಮ್ಮನ್ನ ಕೂರಿಸ್ಬೇಕು. ಸೂಜಿ ತುದಿ ಎಲ್ಲೋ ಕಸದಾಗೆ ಹೋಗಿರುತ್ತೆ. ನಿನ್ ಲೈಟಿಗಿಷ್ಟು ಬೆಂಕಿ ಹಾಕ.”

ಗಿರಿಯಮ್ಮ ನನ್ನ ಕಡೆ ತಿರುಗಿದರು. “ನೀವ್ ಹೇಳ್ರಿ ಮೇಡಂ. ಆರಿಸು ಅಂದ್ರೆ ಆರಿಸ್ತೀನಿ.”

ದಯಾನಂದ ಸರ್ ನನ್ನನ್ನು ಪಕ್ಕಕ್ಕೆ ಕರೆದರು. ಸಿಟ್ಟಿರಲಿಲ್ಲ. “ಈ ಲಾರಿ ತಪ್ಪಿದ್ರೆ ಮುಂದಿನ ಆರ್ಡರ್ ಇಲ್ಲ. ಎರಡನೇ ಲೈನ್ ಮುಚ್ತಾರೆ. ಆವಾಗ ಇಷ್ಟು ಜನದಾಗೆ ಯಾರ ಪಕ್ಕ ನಿಂತ್ಕಂತೀರಿ? ಊಟ ಮಾಡ್ಕಂಡ್ ಬಂದು ಹೇಳ್ರಿ.”

ಅವರು ಹೇಳಿದ್ದು ಸುಳ್ಳಲ್ಲ. ಬೆಲ್ ಆಯಿತು.

ಅದೇ ದಿನ, ಸಂಜೆ

ಆರಿಸಬೇಡಿ ಎಂದೆ.

ಧೈರ್ಯವಲ್ಲ. ಅಷ್ಟು ಜನರ ಮುಂದೆ ಕೇಳಿದ್ದರು. ಒಬ್ಬರೇ ಬಂದು ಕೇಳಿದ್ದರೆ ಏನು ಹೇಳುತ್ತಿದ್ದೆನೋ.

ಲಾರಿಯಿಂದ ಮಾಲು ಇಳಿಸಿದರು. ಗೌರಿ ರಜೆ ರದ್ದು. ಹೆಡ್ ಆಫೀಸಿನಿಂದ ಬಂದ ಮಾತನ್ನು ದಯಾನಂದ ಸರ್ ಹಾಗೇ ಒಪ್ಪಿಸಿದರು: ನಾಳೆ ಸಂಜೆಯೊಳಗೆ ತುದಿ ಸಿಗದಿದ್ದರೆ ಗಿರಿಯಮ್ಮನೂ ನಾನೂ ಮತ್ತೆ ಬರಬೇಕಿಲ್ಲ. ಗಿರಿಯಮ್ಮ ಕೇಳಿ ತಲೆಯಾಡಿಸಿದರು. ಫ್ಯಾಕ್ಟರಿ ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿ. ನಿಂತವರಿದ್ದರು, ಯಾರೂ ಕೂರಲಿಲ್ಲ.

ಆಗಸ್ಟ್ 26, ಗೌರಿ ಹಬ್ಬ. ಟೀ ಹೊತ್ತು

ಎಲ್ಲರೂ ಬಂದಿದ್ದಾರೆ. ಕೈಗೊಂದು ಮ್ಯಾಗ್ನೆಟ್. ಫ್ರಾಕಿಗೆ ಲೋಹದ ಗುಂಡಿ ಇಲ್ಲ, ಹಾಗಾಗಿ ಅಂಟಿದರೆ ಸೂಜಿಯೇ. ಬೆಳಗಿನಿಂದ ಪೆಟ್ಟಿಗೆ ಬಿಚ್ಚು, ಸವರು, ಮಡಿಸು. ಬರಗೇರಮ್ಮನ ಮಗಳು ಎರಡು ಸಲ ಫೋನ್ ಮಾಡಿದಳು. “ನೀನೇ ಪೂಜೆ ಮಾಡ್ಕಣವ್ವ,” ಎಂದು ಇಟ್ಟುಬಿಟ್ಟರು.

ಮಧ್ಯಾಹ್ನ ಗಿರಿಯಮ್ಮ ಮೆಲ್ಲಗೆ ಕೇಳಿದರು. “ನಿಜವಾಗ್ಲೂ ಕಸದಾಗೇ ಹೋಗಿದ್ರೆ ಮೇಡಂ? ಇಷ್ಟು ಜನದ ಹಬ್ಬ...”

ನಾನೂ ಬೆಳಗಿನಿಂದ ಅದನ್ನೇ ಯೋಚಿಸುತ್ತಿದ್ದೆ. ಹೋಗಿದ್ದರೂ ನೀವು ಮಾಡಿದ್ದು ಸರಿ ಎಂದೆ. ಅವರಿಗೆ ಅದರಿಂದ ಸಮಾಧಾನವಾದಂತೆ ಕಾಣಲಿಲ್ಲ.

ಉಳಿದ ಪೆಟ್ಟಿಗೆ ಕೆಲವೇ. ಟೀ ಬಂದಿದೆ, ಲೋಟ ಮುಟ್ಟಿದವರು ಕಡಿಮೆ. ದಯಾನಂದ ಸರ್ ತಾವೇ ಚಾಕು ಹಿಡಿದು ಟೇಪ್ ಕೊಯ್ಯುತ್ತಿದ್ದಾರೆ. ಬರಗೇರಮ್ಮ ಒಂದು ಹಳದಿ ಫ್ರಾಕ್ ಮೇಲೆ ಸವರುತ್ತಿದ್ದವರು ನಿಲ್ಲಿಸಿದ್ದಾರೆ. ಕನ್ನಡಕ ಸರಿಮಾಡಿಕೊಂಡರು. ಮ್ಯಾಗ್ನೆಟ್ ಮೇಲೆತ್ತಿದರು. ಫ್ರಾಕಿನ ತೋಳೂ ಅದಕ್ಕೆ ಅಂಟಿಕೊಂಡು ಎದ್ದಿತು.

“ಗಿರಿಯಕ್ಕ,” ದನಿ ತೀರಾ ಸಣ್ಣದು. “ಬಾರೆ ಇಲ್ಲಿ.”

ಗಿರಿಯಮ್ಮ ಏಳುತ್ತಿಲ್ಲ. ನಾನು ಹೋಗಿ ಅವರ ಪಕ್ಕ —