ಗುಂಡಣ್ಣ ಹೋದ ಮೇಲೆ

ವರ್ಕ್‌ಶಾಪಿನ ಹಿಂದಿನ ಕೋಣೆಯಿಂದ,
ಮಂಗಳವಾರ, ಮಾರ್ಚ್ ಹನ್ನೊಂದು, ಬೆಳಗಿನ ಕಾಫಿ ಆದ ಮೇಲೆ

ಪ್ರೀತಿಯ ಚಿನಕುರುಳಿ,

ಹೇಗಿದ್ದೀಯ? ಕುತ್ತಿಗೆ ನೋವು ಕಡಿಮೆಯಾಯಿತೇ? ದಿನಕ್ಕೆ ಎಂಟು ಗಂಟೆ ಬಗ್ಗಿ ಕೂತು, ಭೂತಗನ್ನಡಿಯ ಕೆಳಗೆ ಅಕ್ಕಿಕಾಳಿಗಿಂತ ಸಣ್ಣ ಬಿಡಿಭಾಗಗಳನ್ನು ಬೆಸೆಯುವವಳಿಗೆ ಕುತ್ತಿಗೆ ನೋಯದೆ ಇನ್ನೇನು ನೋಯುತ್ತದೆ. ಡಾಕ್ಟರು ಹೇಳಿದ ವ್ಯಾಯಾಮವನ್ನು ನೀನು ಮಾಡುತ್ತಿಲ್ಲ ಎಂದು ನನಗೆ ಗೊತ್ತು. ಮಾಡುತ್ತಿದ್ದೇನೆ ಎಂದು ಸುಳ್ಳು ಬರೆಯಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ಆ ಧೂಳಿಲ್ಲದ ಕೋಣೆಗೆ ಹೋಗುವಾಗ ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ತೊಡಬೇಕು, ಹೊರಗೆ ಬರುವಾಗ ಎಲ್ಲವನ್ನೂ ಬಿಚ್ಚಬೇಕು, ಆ ತಾಪತ್ರಯಕ್ಕೆ ಬೇಸತ್ತು ನೀನು ಮಧ್ಯಾಹ್ನದ ಊಟವನ್ನೇ ಬಿಡುತ್ತೀಯ ಎಂದು ನಿನ್ನ ಮೇಲಧಿಕಾರಿ ಹೇಳಿದರು. ಹೌದು, ಅವರು ನನಗೆ ಫೋನ್ ಮಾಡಿದ್ದರು. ಹುಬ್ಬು ಗಂಟು ಹಾಕಬೇಡ, ಮುಂದೆ ಓದು. ಇದನ್ನೆಲ್ಲ ಫೋನಿನಲ್ಲೇ ಹೇಳೋಣವೆಂದರೆ ನಾನು ‘ಅಪ್ಪ’ ಎನ್ನುವಷ್ಟರಲ್ಲಿ ‘ಅಮ್ಮಾ, ಕೆಲಸ ಇದೆ, ಇಡ್ತೀನಿ’ ಎನ್ನುತ್ತೀಯ. ಕಾಗದ ಅರ್ಧದಲ್ಲಿ ಕಟ್ಟಾಗುವುದಿಲ್ಲವಲ್ಲ, ಅದಕ್ಕೇ ಬರೆಯಲು ಕೂತೆ.

ಮೇಲಧಿಕಾರಿ ಹೇಳಿದ್ದು ಇಷ್ಟು. ಜೂನ್ ತಿಂಗಳಲ್ಲಿ ಹಾರುವ ರಾಕೆಟ್ಟಿನಲ್ಲಿ ನಿನ್ನ ಉಪಗ್ರಹಕ್ಕೆ ಮತ್ತೊಮ್ಮೆ ಜಾಗ ಸಿಕ್ಕಿದೆ. ಆದರೆ ಅದರ ಹೊರಗಿನ ಚೌಕಟ್ಟು ಹೊಸದಾಗಿ ಆಗಬೇಕು, ಈ ತಿಂಗಳ ಇಪ್ಪತ್ತೆಂಟರೊಳಗೆ ನಿಮ್ಮ ಕೈ ಸೇರಬೇಕು, ಇಲ್ಲದಿದ್ದರೆ ಆ ಜಾಗ ಇನ್ನೊಬ್ಬರ ಪಾಲು. ನೀನು ಅದನ್ನು ಯಾವುದೋ ದೊಡ್ಡ ಕಾರ್ಖಾನೆಗೆ ಕೊಟ್ಟೆಯಂತೆ. ಎರಡು ಸಲ ಮಾಡಿ ಕಳಿಸಿದರಂತೆ, ಎರಡು ಸಲವೂ ಮೂಲೆಯ ಕಂಬಿಗಳು ಕೂದಲೆಳೆಯಷ್ಟು ಸೊಟ್ಟವಂತೆ. ಉಪಗ್ರಹ ರಾಕೆಟ್ಟಿನೊಳಗಿನ ಸ್ಪ್ರಿಂಗ್ ಪೆಟ್ಟಿಗೆಯಿಂದ ಜಾರಿ ಹೊರಗೆ ಬರುವುದೇ ಆ ಕಂಬಿಗಳ ಮೇಲೆ. ಸೊಟ್ಟಗಿದ್ದರೆ ಅಲ್ಲೇ ಕಚ್ಚಿಕೊಂಡು ಕೂತುಬಿಡುತ್ತದೆ. ಇದನ್ನು ನನಗೆ ಯಾರೂ ವಿವರಿಸಬೇಕಾಗಿಲ್ಲ. ಇಪ್ಪತ್ತಾರು ವರ್ಷದಿಂದ ಈ ವರ್ಕ್‌ಶಾಪಿನಲ್ಲಿ ನಿಮ್ಮಪ್ಪ ಕೊರೆದು ಕೊಟ್ಟದ್ದನ್ನೆಲ್ಲ ಅಳೆದು ನೋಡಿ ‘ಪಾಸು’, ‘ವಾಪಸು’ ಎನ್ನುತ್ತಿರುವವಳು ನಾನು. ‘ನಿಮ್ಮ ಯಜಮಾನ್ರೇ ಮಾಡ್ಕೊಟ್ರೆ ಒಂಬತ್ತು ದಿನದ ಕೆಲಸ. ಅಪ್ಪನ್ನ ಕೇಳಮ್ಮ ಅಂದ್ರೆ ಕಲ್ಲಿನ ಥರ ನಿಂತ್ಕೋತಾಳೆ’ ಎಂದರು ಪಾಪ, ಆ ಹೆಂಗಸು. ಅದೇ ಥರದ ಇನ್ನೊಂದು ಕಲ್ಲು ಇಲ್ಲಿ ಬಾಗಿಲ ಬಳಿ ಕೂತು ಯಾರದೋ ಗೇಟಿನ ಕೀಲುಗಳಿಗೆ ಗ್ರೀಸು ಹಚ್ಚುತ್ತಿತ್ತು.

ಎಲ್ಲದಕ್ಕೂ ಮೂಲ ಆ ಗುಂಡಣ್ಣ. ನಾನು ಈ ಮನೆಗೆ ಬಂದಾಗ ಉಪಗ್ರಹ ಎಂದರೆ ಲಾರಿಯಷ್ಟು ದೊಡ್ಡದು, ಮಾಡಿ ಮುಗಿಸಲು ಹತ್ತು ವರ್ಷ, ಎತ್ತಿಕೊಂಡು ಹೋಗಲು ಹದಿನೈದು ಮಹಡಿ ಎತ್ತರದ ರಾಕೆಟ್ಟು. ಈಗ ನೀವು ಬ್ರೆಡ್ಡಿನ ಪೊಟ್ಟಣದಷ್ಟನ್ನು ಮಾಡುತ್ತೀರಿ, ಪುಟ್ಟ ರಾಕೆಟ್ಟೊಂದು ಅಂಥ ಹನ್ನೆರಡನ್ನು ಒಟ್ಟಿಗೆ ತುಂಬಿಕೊಂಡು ಹೋಗುತ್ತದೆ. ಕೇಳಲು ಎಷ್ಟು ಸಲೀಸು. ಆದರೆ ಆ ಪುಟ್ಟ ರಾಕೆಟ್ಟಿನ ಪೊಗರು ನೋಡು, ಯಾರಿಗೂ ಕಾಯುವುದಿಲ್ಲ. ಹನ್ನೆರಡರಲ್ಲಿ ಒಂದು ಬರದಿದ್ದರೆ ತೂಕದ ಹದ ತಪ್ಪುತ್ತದೆ ಎಂದು, ಬಾರದಿದ್ದ ಉಪಗ್ರಹದ ಜಾಗದಲ್ಲಿ ಅಷ್ಟೇ ತೂಕದ ಅಲ್ಯೂಮಿನಿಯಂ ಗಟ್ಟಿಯೊಂದನ್ನು ಬಿಗಿದು ಹೊರಟೇಬಿಡುತ್ತದೆ. ಅಂಥ ಗಟ್ಟಿಯನ್ನು ಪ್ರತಿಯೊಬ್ಬರೂ ಮೊದಲೇ ಮಾಡಿಸಿ ಕೊಟ್ಟಿರಬೇಕು. ‘ಅಪ್ಪಾ, ಲೆಕ್ಕಕ್ಕಷ್ಟೇ, ಯಾರೂ ಉಪಯೋಗಿಸಲ್ಲ, ಒಂದು ಮಾಡ್ಕೊಡು’ ಎಂದವಳು ನೀನು. ನಾಲ್ಕು ಮೂಲೆಯ ಚೌಕಾಕಾರದ ಗಟ್ಟಿಗೆ ಗುಂಡಣ್ಣ ಎಂದು ಹೆಸರಿಟ್ಟವಳೂ ನೀನು. ನಿಮ್ಮಪ್ಪ ಯಾವತ್ತಾದರೂ ಲೆಕ್ಕಕ್ಕಷ್ಟೇ ಎಂದು ಏನನ್ನಾದರೂ ಮಾಡಿದ್ದುಂಟೇ? ಮೂರು ಕಿಲೋ ಏಳುನೂರ ನಲವತ್ತು ಗ್ರಾಮು ಎಂದರೆ ಅದರಲ್ಲಿ ಒಂದು ಗ್ರಾಮೂ ಹೆಚ್ಚುಕಡಿಮೆ ಆಗಬಾರದು ಎಂದು ಅರದಿಂದ ಉಜ್ಜುವುದು, ತೂಗುವುದು, ಮತ್ತೆ ಉಜ್ಜುವುದು. ಕೊನೆಗೆ ಅಂಚುಗಳಿಗೆಲ್ಲ ಹೊಳಪು. ‘ರೀ, ಅದನ್ನ ಯಾರೂ ನೋಡಲ್ಲ’ ಎಂದು ನಾನು ತಲೆ ಚಚ್ಚಿಕೊಂಡೆ. ‘ನಾನು ನೋಡ್ತೀನಲ್ಲ’ ಎಂದರು.

ಆಮೇಲಿನದು ನಿನಗೇ ಗೊತ್ತು, ಆದರೂ ಬರೆಯುತ್ತೇನೆ, ಬರೆಯದಿದ್ದರೆ ನನಗೆ ಸಮಾಧಾನವಿಲ್ಲ. ಹಾರಾಟಕ್ಕೆ ಹನ್ನೊಂದು ದಿನ ಉಳಿದಿತ್ತು. ರಾಕೆಟ್ಟಿನ ಕುಲುಕಾಟವನ್ನು ತಾಳುತ್ತದೆಯೇ ಎಂದು ನೋಡಲು ನಿನ್ನ ಉಪಗ್ರಹವನ್ನು ನಡುಗಿಸುವ ಮೇಜಿನ ಮೇಲೆ ಕೂರಿಸಿದರು. ಒಂದು ಸ್ಕ್ರೂ ಸಡಿಲವಾಗಿ ಹೊರಗೆ ಬಂತು, ಒಳಗೆಲ್ಲ ಓಡಾಡಿ ಸರ್ಕ್ಯೂಟ್ ಬೋರ್ಡನ್ನು ಒಡೆಯಿತು, ನಿಮ್ಮಪ್ಪ ಮಾಡಿಕೊಟ್ಟಿದ್ದ ಚೌಕಟ್ಟೂ ಆ ಸ್ಕ್ರೂ ಇದ್ದ ಮೂಲೆಯಲ್ಲಿ ಬಿರುಕು ಬಿಟ್ಟಿತು. ಕಾಡಿಗೆ ಬೆಂಕಿ ಬಿದ್ದರೆ ಮೇಲಿನಿಂದ ನೋಡಿ ತಿಳಿಸಲಿ ಎಂದು ನೀನು ನಾಲ್ಕು ವರ್ಷ ನಿದ್ದೆಗೆಟ್ಟು ಮಾಡಿದ್ದು ಮೇಜಿನ ಮೇಲೆಯೇ ಉಳಿಯಿತು. ಗುಂಡಣ್ಣ ಹೋದ. ಅವನು ಹೋದದ್ದು ಸಾಲದೆಂದು ಎದುರಿನ ಕ್ಷೌರದಂಗಡಿಯವರು ಗಡ್ಡ ಕೆರೆಸಲು ಬಂದವರಿಗೆಲ್ಲ ‘ನಮ್ಮೆದುರು ಮನೆ ಯಜಮಾನ್ರು ಮಾಡಿದ್ದು ಆಕಾಶಕ್ಕೆ ಹೋಗಿದೆ’ ಎಂದು ಹೇಳಿ ಹೇಳಿ ನನಗೆ ಬೀದಿಯಲ್ಲಿ ಓಡಾಡುವುದೇ ಕಷ್ಟವಾಗಿದೆ. ‘ಅಕ್ಕಾ, ಅದು ಮೇಲಿಂದ ಫೋಟೋ ತೆಗೆಯುತ್ತಾ?’ ಎಂದು ಕೇಳಿದರು. ‘ಏನೂ ಮಾಡಲ್ಲಪ್ಪ, ಬಾಯಿ ಬಿಡದೆ ಸುಮ್ನೆ ಸುತ್ತುತ್ತೆ, ನಮ್ಮನೇಲಿ ಇರೋರ ಹಾಗೆ’ ಎಂದು ಹೇಳಿ ಬಂದೆ.

ನಿನ್ನ ಆ ದಿನದ ಫೋನು ಮಾತ್ರ ನನ್ನ ಕಿವಿಯಿಂದ ಹೋಗಿಲ್ಲ. ನಿಮ್ಮಪ್ಪ ಕೈಗೆ ಎಣ್ಣೆ ಮೆತ್ತಿದೆ ಎಂದು ಸ್ಪೀಕರ್ ಹಾಕಿ ಮೇಜಿನ ಮೇಲೆ ಇಟ್ಟಿದ್ದರು. ‘ನೀನು ಹಾಕಿದ ಥ್ರೆಡ್ ಸಡಿಲ ಇತ್ತಪ್ಪ. ನಾಲ್ಕನೇ ತೂತು. ನಿನ್ನ ಗುಂಡಣ್ಣ ಹೋದ, ನನ್ನದು ಇಲ್ಲೇ ಉಳೀತು. ಸಂತೋಷನಾ?’ ಎಂದೆ ನೀನು. ಅವರು ತಲೆಯೆತ್ತಿ ನನ್ನ ಮುಖ ನೋಡಿದರು. ಆಮೇಲೆ ‘ಆಯ್ತಮ್ಮ’ ಎಂದರು. ಅಷ್ಟೇ, ಎರಡು ತಿಂಗಳಾಯಿತು. ಮರುದಿನ ಬೆಳಗ್ಗೆ ಲೋಹ ಕೊರೆಯುವ ಮಿಲ್ಲಿಂಗ್ ಯಂತ್ರವನ್ನು ಒರೆಸಿ ಹಳೆಯ ಬೆಡ್‌ಶೀಟು ಹೊದಿಸಿಬಿಟ್ಟರು. ಈಗ ಗೇಟು, ಕಿಟಕಿಯ ಸರಳು, ಮುರಿದ ಸೈಕಲ್ ಸ್ಟ್ಯಾಂಡು, ಇಷ್ಟೇ ಕೆಲಸ. ಹೊತ್ತು ಮುಳುಗುತ್ತಿದ್ದ ಹಾಗೆ ಗುಂಡಣ್ಣ ಎಷ್ಟು ಹೊತ್ತಿಗೆ ನಮ್ಮ ಮೇಲೆ ಹಾದುಹೋಗುತ್ತಾನೆ ಎಂದು ಬರೆದಿಟ್ಟುಕೊಂಡ ಚೀಟಿ ಹಿಡಿದು ತಾರಸಿಗೆ ಹತ್ತುತ್ತಾರೆ. ಕಾಣುವುದು ಅವನಲ್ಲ, ಅವನನ್ನು ಹೊತ್ತಿರುವ ರಾಕೆಟ್ಟಿನ ಕೊನೆಯ ತುಂಡು, ಅದೂ ಒಂದು ಚುಕ್ಕೆ, ಅದೂ ಎರಡು ನಿಮಿಷ. ಹೆಮ್ಮೆಯಿಂದ ನೋಡುತ್ತಾರೆ ಎಂದುಕೊಂಡು ನಾನು ಒಳಗೊಳಗೇ ಉರಿದುಕೊಂಡಿದ್ದೆ. ಮೊನ್ನೆ ತಡೆಯಲಾರದೆ ಕೇಳಿಯೇಬಿಟ್ಟೆ. ‘ಯಾವಾಗ ಕೆಳಗೆ ಬಿದ್ದು ಸುಟ್ಟು ಹೋಗುತ್ತೆ ಅಂತ ನೋಡ್ತಿದೀನಿ’ ಎಂದರು. ಅದಕ್ಕೆ ಇನ್ನೂ ಮೂರು ವರ್ಷ ಬೇಕಂತೆ. ಮೂರು ವರ್ಷ ನಾನು ಈ ಮುಖ ನೋಡಿಕೊಂಡಿರಬೇಕೇ?

ನಾನು ಸುಮ್ಮನೆ ಕೂತಿದ್ದೇನೆ ಎಂದುಕೊಳ್ಳಬೇಡ. ಮೇಲಧಿಕಾರಿ ಕಳಿಸಿದ ಹೊಸ ಚೌಕಟ್ಟಿನ ಡ್ರಾಯಿಂಗನ್ನು ಪ್ರಿಂಟು ತೆಗೆಸಿ ನಿಮ್ಮಪ್ಪನ ಕನ್ನಡಕದ ಕೆಳಗೆ ಇಟ್ಟೆ. ಸಂಜೆ ಅದು ನನ್ನ ಮೇಜಿಗೆ ವಾಪಸು ಬಂತು. ಪೆನ್ಸಿಲಿನಲ್ಲಿ ಎರಡು ಅಳತೆ ತಿದ್ದಿದ್ದರು, ಒಂದು ಮೂಲೆಗೆ ದಪ್ಪ ಹೆಚ್ಚಿಸಿದ್ದರು, ಅಂಚಿನಲ್ಲಿ ‘ಇಲ್ಲಿ ಮತ್ತೆ ಬಿರುಕು ಬಿಡುತ್ತೆ’ ಎಂದು ಬರೆದಿದ್ದರು. ಇಷ್ಟೆಲ್ಲ ಮಾಡಿ ‘ಇದನ್ನ ಮಾಡೋರಿಗೆ ಕಳಿಸು’ ಎಂದರು. ಮಾಡುವವರು ನೀವೇ ಅಲ್ಲವೇ ಮಾರಾಯರೇ ಎಂದರೆ ‘ನನ್ನ ಕೈಯಿಂದ ಬೇಡ, ಅವಳ ಕೆಲಸ ಇನ್ನೊಂದ್ಸಲ ಕೆಡೋದು ಬೇಡ’ ಎಂದು ಕಡ್ಡಿ ಮುರಿದ ಹಾಗೆ ಹೇಳಿ ಎದ್ದುಹೋದರು. ಇತ್ತ ನಿನ್ನನ್ನು ಕೇಳಿದರೆ ‘ಅಪ್ಪನಿಗೆ ಬೇಕಿದ್ರೆ ಅವರೇ ಹೇಳ್ಲಿ’. ನಿಮ್ಮಿಬ್ಬರ ನಡುವೆ ನನಗೆ ಸಾಕುಸಾಕಾಗಿದೆ. ಹುಟ್ಟಿದಾಗ ಮೂಗು ಮಾತ್ರ ಅಪ್ಪನದು ಎಂದುಕೊಂಡಿದ್ದೆ, ಈಗ ನೋಡಿದರೆ ಹಠವನ್ನೂ ಅಷ್ಟೇ ಅಚ್ಚುಕಟ್ಟಾಗಿ ತೆಗೆದುಕೊಂಡು ಬಂದಿದ್ದೀಯ. ಚಿಕ್ಕವಳಿದ್ದಾಗ ಸ್ಕ್ರೂ ಡಬ್ಬಿ ಚೆಲ್ಲಿದಾಗಲೂ ಇಬ್ಬರೂ ಹೀಗೇ, ಒಬ್ಬರು ಹೆಕ್ಕಲಿ ಎಂದು ಇನ್ನೊಬ್ಬರು, ಕೊನೆಗೆ ಮೊಣಕಾಲೂರಿ ಹೆಕ್ಕಿದವಳು ನಾನು.

ಈಗ ದಿನ ಎಣಿಸು. ಈ ಕಾಗದ ನಿನಗೆ ಹದಿಮೂರಕ್ಕೆ ಸಿಗುತ್ತದೆ. ಕೆಲಸಕ್ಕೆ ಒಂಬತ್ತು ದಿನ, ದಾರಿಗೆ ಎರಡು ದಿನ. ಹದಿನೇಳನೇ ತಾರೀಖಿನೊಳಗೆ ಆ ಯಂತ್ರದ ಮೇಲಿನ ಬೆಡ್‌ಶೀಟು ತೆಗೆಯದಿದ್ದರೆ ಜೂನ್ ತಿಂಗಳ ರಾಕೆಟ್ಟೂ ನಿನ್ನನ್ನು ಬಿಟ್ಟು ಹೋಗುತ್ತದೆ, ಮುಂದಿನದು ಯಾವಾಗ ಎಂದು ನಿನ್ನ ಮೇಲಧಿಕಾರಿಗೂ ಗೊತ್ತಿಲ್ಲ. ನಿನ್ನ ಉಪಗ್ರಹ ಹೋಗದಿದ್ದರೆ ನನಗೆ ಹೊಟ್ಟೆ ಉರಿಯುತ್ತದೆ. ನಿಮ್ಮಪ್ಪ ಆ ಯಂತ್ರವನ್ನು ಇನ್ನು ಮುಟ್ಟದೇ ಹೋದರೆ ಅದಕ್ಕಿಂತ ಹೆಚ್ಚು ಉರಿಯುತ್ತದೆ. ಒಂದು ಸಲ ಅವರ ನಂಬರಿಗೆ ಫೋನ್ ಮಾಡಿ ‘ಅಪ್ಪಾ, ಮಾಡ್ಕೊಡು’ ಎನ್ನು. ಕ್ಷಮೆ ಕೇಳಬೇಕಾಗಿಲ್ಲ, ಹಳೆಯದನ್ನು ಎತ್ತಬೇಕಾಗಿಲ್ಲ. ಆ ಎರಡು ಮಾತಿಗೆ ಅವರು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ವರ್ಕ್‌ಶಾಪಿಗೆ ಓಡುತ್ತಾರೆ, ಬೇಕಾದರೆ ಬರೆದು ಕೊಡುತ್ತೇನೆ.

ಮನೆಯಲ್ಲಿ ಉಳಿದಂತೆ ಎಲ್ಲ ಸರಿಯಾಗಿದೆ. ನಿನ್ನ ಮೇಲಧಿಕಾರಿಗೆ ನನ್ನ ನಮಸ್ಕಾರ ತಿಳಿಸು. ನೀನು ಮಾಡಿದ್ದು ನೀನು ಬಯಸಿದಷ್ಟು ಎತ್ತರಕ್ಕೆ ಹೋಗಲಿ, ನೀನು ಮಾತ್ರ ಸ್ವಲ್ಪ ಕೆಳಗಿಳಿದು ಬಾ ಎಂದು ಹರಸುವ,

ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡಿರುವ
ನಿನ್ನ ಅಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚಿಬಿಟ್ಟಿದ್ದೆ, ಮತ್ತೆ ಬಿಚ್ಚಿದೆ. ನಾಲ್ಕನೇ ತೂತಿನ ವಿಷಯ. ತೂತಿನೊಳಗಿನ ಥ್ರೆಡ್ ಬಿಗಿಯೇ ಸಡಿಲವೇ ಎಂದು ತಿರುಗಿಸಿ ನೋಡುವ ಗೇಜಿಗೆ ಎರಡು ತುದಿ ಇರುತ್ತದೆ ಎಂದು ನಿನಗೆ ಗೊತ್ತು. ಒಂದು ತುದಿ ಒಳಗೆ ಹೋಗಬೇಕು, ಇನ್ನೊಂದು ಹೋಗಬಾರದು. ಹೋದರೆ ತೂತು ಸಡಿಲ, ತುಂಡು ವಾಪಸು. ಚೌಕಟ್ಟನ್ನು ನನ್ನ ಕೈಗೆ ಕೊಡುವಾಗಲೇ ನಿಮ್ಮಪ್ಪ ‘ನಾಲ್ಕನೇದು ಯಾಕೋ ಅನುಮಾನ ಕಣೇ, ಸರಿಯಾಗಿ ನೋಡು, ಸಡಿಲ ಇದ್ರೆ ಇನ್ನೊಂದು ಮಾಡ್ತೀನಿ’ ಎಂದಿದ್ದರು. ನೋಡಿದೆ. ಹೋಗಬಾರದ ತುದಿ ಐದು ಸುತ್ತು ಒಳಗೆ ಹೋಯಿತು. ಕೊರಿಯರ್‌ನವನು ಬಾಗಿಲಲ್ಲಿ ನಿಂತಿದ್ದ. ಇನ್ನೊಂದು ಮಾಡುತ್ತ ಕೂತರೆ ಒಂಬತ್ತು ದಿನ, ನಿನಗೆ ತಡವಾಗುತ್ತದೆ, ಒಂದು ತೂತಿನಿಂದ ಏನಾದೀತು ಎಂದು ‘ಪಾಸು’ ಎಂದು ಬರೆದು ಸಹಿ ಹಾಕಿದೆ. ಅವರು ಕೇಳಿದ್ದಕ್ಕೆ ‘ಸರಿ ಇದೆ’ ಎಂದೆ. ನೀನು ಫೋನಿನಲ್ಲಿ ನಾಲ್ಕನೇ ತೂತು ಎಂದಾಗ ಅವರಿಗೆ ಗೊತ್ತಾಯಿತು, ಅದಕ್ಕೇ ನನ್ನ ಮುಖ ನೋಡಿದ್ದು. ಇವತ್ತಿನವರೆಗೂ ನನ್ನನ್ನು ಒಂದು ಮಾತು ಕೇಳಿಲ್ಲ. ನಾನೂ ಹೇಳಿಲ್ಲ. ನನ್ನ ಮೇಲಿನ ಸಿಟ್ಟನ್ನು ಎರಡು ತಿಂಗಳಿಂದ ನಿಮ್ಮಿಬ್ಬರ ಮೇಲೆ ತೀರಿಸಿಕೊಳ್ಳುತ್ತಿದ್ದೇನೆ. ತಪ್ಪಾಯಿತು ಮಗಳೇ. ಬೈಯುವುದಿದ್ದರೆ ನನ್ನ ನಂಬರಿಗೆ ಮಾಡು, ಮುಗಿಯುವವರೆಗೆ ಕೇಳುತ್ತೇನೆ. ಹೊಸ ಚೌಕಟ್ಟನ್ನು ಮಾತ್ರ ನಾನು ಅಳೆಯುವುದಿಲ್ಲ. ನೀನೇ ಬಂದು ಅಳೆದುಕೊಂಡು ಹೋಗು.