ಇಲ್ಲದ ನೆಗಡಿ

ತಂಗೀ,

ಈ ಪತ್ರವನ್ನು ನಿನಗೆ ಕಳಿಸುವುದಿಲ್ಲ. ಆದ್ದರಿಂದ ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ.

ಬೆಳಿಗ್ಗೆ ದತ್ತು ಕಚೇರಿಯ ಮೇಡಂ ನಿನ್ನ ವಿಷಯಕ್ಕೇ ಫೋನ್ ಮಾಡಿದರು. "ಆ ಹುಡುಗಿ ಮನಸ್ಸು ಬದಲಾಯಿಸಿದಾಳೆ. ಮಗೂನ ನಿಮಗೆ ಕೊಡಲ್ವಂತೆ, ತಾನೇ ಸಾಕ್ತಾಳಂತೆ" ಅಂದರು. ನನ್ನ ಗಂಡ ಹೊಲಿಗೆ ಯಂತ್ರ ನಿಲ್ಲಿಸಿ, "ಹೋಗಿ ಮಾತಾಡಿಸ್ಕೊಂಡು ಬರೋಣ. ಪಾಪ, ಅವಳಿಗೂ ಕಷ್ಟ" ಅಂದರು. ಅವರ ಬಾಯಲ್ಲಿ ಆ 'ಪಾಪ' ಕೇಳಿಯೇ ನನಗೆ ಮೈ ಉರಿಯಿತು.

ಆಸ್ಪತ್ರೆಯಲ್ಲಿ ನೀನು ಗೋಡೆಗೆ ಒರಗಿ ಕೂತಿದ್ದೆ. ನಿನ್ನ ಅಂಗಿಯ ಮೇಲೆ ಹಾಲಿನ ಕಲೆಯಿತ್ತು. ಎಳೆಯ ಮೈಗೆ ಎಳ್ಳಷ್ಟೂ ಚುಚ್ಚದ ಬಟ್ಟೆ ಹುಡುಕಿ, ತೊಟ್ಟಿಲ ಹಾಸಿಗೆ ಹೊಲಿದವಳು ನಾನು. ನೀನು ಏನನ್ನೂ ಸಿದ್ಧ ಮಾಡಿರಲಿಲ್ಲ. ಆದರೂ ನರ್ಸ್ ಕೈಯಲ್ಲಿ ಕಿರುಚುತ್ತಿದ್ದ ಮಗು ನಿನ್ನ ಮಡಿಲಿಗೆ ಬಂದದ್ದೇ ತಡ, ಸುಮ್ಮನಾಯಿತು. ಆ ಹಾಲಿನ ಕಲೆಯ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

"ಅಕ್ಕಾ, ಕೊಡೋಣ ಅಂತಲೇ ಇದ್ದೆ. ಈಗ ಆಗ್ತಿಲ್ಲ" ಅಂದೆ ನೀನು.

"ಅಳಬೇಡಮ್ಮ. ನಿನ್ನ ಮಗು, ನೀನೇ ಇಟ್ಕೋ" ಅಂದರು ನನ್ನ ಗಂಡ.

ಹೊರಡುವಾಗ ನೀನು ಮಗುವನ್ನು ನನ್ನತ್ತ ಚಾಚಿದೆ. "ಒಂದ್ಸಲ ಎತ್ಕೊಳ್ಳಿ ಅಕ್ಕಾ."

"ಬೇಡ, ನನಗೆ ನೆಗಡಿ" ಅಂದೆ ನಾನು.

ನನಗೆ ಯಾವ ನೆಗಡಿಯೂ ಇರಲಿಲ್ಲ. ಎತ್ತಿಕೊಂಡರೆ ವಾಪಸು ಕೊಡುತ್ತಿದ್ದೆನೋ ಇಲ್ಲವೋ, ಅದೇ ಭಯ. ನೀನು ನಂಬಿಬಿಟ್ಟೆ. ಥಟ್ಟನೆ ಮಗುವಿನ ಮುಖವನ್ನು ಅದಕ್ಕೆ ಸುತ್ತಿದ್ದ ಬಟ್ಟೆಯ ಅಂಚಿನಿಂದ ಮರೆಮಾಡಿ, ನನ್ನಿಂದ ಒಂದಿಷ್ಟು ದೂರ ಸರಿದು ಕೂತೆ.

ನಾನಾಗಿದ್ದರೂ ಹಾಗೆಯೇ ಮಾಡುತ್ತಿದ್ದೆ.