ಮಾಸ್ತರರ ಜೀನ್ ರಿಪೋರ್ಟು

ಜನವರಿ 6, ಬೆಳಿಗ್ಗೆ, ಇಂಡಿ

ಮಾತ್ರೆ ಎರಡು, ಚಹಾ ಒಂದು. ತಲೆಯ ಹೊಲಿಗೆ ಒಣಗಿದೆ. ಕೂದಲು ಬಲಗಡೆ ಇಲ್ಲ. ಕನ್ನಡಿಯಲ್ಲಿ ಅರ್ಧ ಸಿದ್ಧಾರೂಢ, ಅರ್ಧ ಕುಂಬಳಕಾಯಿ.

ಹತ್ತನೇ ಕ್ಲಾಸಿಗೆ ಅನುವಂಶೀಯತೆಯ ಪಾಠ ಮಾಡುತ್ತಿದ್ದಾಗಲೇ ಫಿಟ್ಸ್ ಬಂದು ಬಿದ್ದಿದ್ದೆ. ಮೂರು ವಾರದ ಹಿಂದೆ ಸೊಲ್ಲಾಪುರದಲ್ಲಿ ಆಪರೇಶನ್. ಮೆದುಳಿನ ಗಡ್ಡೆ ಬಹುಪಾಲು ತೆಗೆದಿದ್ದಾರೆ. ಚೂರೊಂದು ಜೀನ್ ಟೆಸ್ಟಿಗೆ ಹೋಗಿದೆ. ಯಾವ ತರಹದ ಗಡ್ಡೆ, ಎಷ್ಟು ಕೆಟ್ಟದ್ದು — ಅದರಿಂದಲೇ ತಿಳಿಯುತ್ತದಂತೆ. ಇಪ್ಪತ್ತಾರು ವರ್ಷ ಪೇಪರ್ ತಿದ್ದಿದವನು, ಈಗ ರಿಸಲ್ಟ್ ಕಾಯುತ್ತಿದ್ದೇನೆ.

ಜನವರಿ 9

'ಜೀನ್' ಎಂಬ ಶಬ್ದ ಅವ್ವನ ಕಿವಿಗೆ ಬಿತ್ತು. ಮುಗಿಯಿತು.

"ನಮ್ಮ ತವರಮನಿಯಾಗ ಹಿಂತಾದ್ದು ಇಲ್ಲ. ಎಲ್ಲಾ ನಿಮ್ಮಪ್ಪನ ಕಡೇದು. ಅವರ ಕಾಕಾ ಒಬ್ಬ ಹುಣ್ಣಿವಿ ಬಂದ್ರ ಬೇವಿನ ಗಿಡ ಏರತಿದ್ದ."

"ಅವ್ವಾ, ಇದು ಹುಟ್ಟಿನಿಂದ ಬಂದಿದ್ದಲ್ಲ. ಮೆದುಳಿನ ಒಂದ ಕಣದಾಗ ಈಚೀಗೆ ಕೆಟ್ಟಿದ್ದು."

"ಈಚೀಗಂದ್ರ... ಮದಿವಿ ಆದಮ್ಯಾಗ?"

ಅಡುಗೆಮನೆಯಲ್ಲಿ ನನ್ನ ಹೆಂಡತಿಯ ಪಾತ್ರೆಗಳ ಸದ್ದು ಜೋರಾಯಿತು.

ಜನವರಿ 17, ಸಂಜೆ

ರಿಪೋರ್ಟು ಬಂತು. ಫೋನಿನಲ್ಲಿ ಡಾಕ್ಟರ್ ಖುಷಿಯಾಗಿದ್ದರು. ಐಡಿಎಚ್ ಎಂಬ ಜೀನ್ ಕೆಟ್ಟಿದೆ. ಎರಡು ಕ್ರೋಮೋಸೋಮುಗಳ ಒಂದೊಂದು ತುಂಡು ಕಾಣೆಯಾಗಿದೆ. "ಛಲೋ ಸುದ್ದಿರಿ ಸರ್!" ಇಂಥ ಗಡ್ಡೆ ನಿಧಾನವಾಗಿ ಬೆಳೆಯುತ್ತದೆ. ರೇಡಿಯೇಶನ್ನಿಗೂ ಕಿಮೋಗೂ ಬಗ್ಗುತ್ತದೆ. ಬೇರುಸಹಿತ ಹೋಗಲಿಕ್ಕಿಲ್ಲ, ಆದರೆ ವರ್ಷಗಳು ಸಿಗುತ್ತವೆ.

ವರ್ಷಗಳು... ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ಅವ್ವನಿಗೆ ಹೇಳಿದೆ. "ಕಾಣಿಯಾದ್ದು ಛಲೋ ಹೆಂಗಾತು? ಹುಡುಕ್ಸು."

ಜನವರಿ 25

ಮುದ್ದೇಬಿಹಾಳದಿಂದ ಫೋನು. ಮಗಳು ಭಾಗ್ಯಜ್ಯೋತಿಯ ನಿಶ್ಚಯ ಮುಂದಿನ ತಿಂಗಳು. ಹುಡುಗ ಸಂಗನಬಸು; ಅವರದು ಝೆರಾಕ್ಸ್ ಅಂಗಡಿ. ಮಾತಾಡಿದವರು ಅವನ ತಾಯಿ ರೇವವ್ವ. "ಜೀನಿಂದು ಅಂದ್ರ ಮೊಮ್ಮಕ್ಕಳಿಗೂ ಬರತೈತಿ, ಹೌದಿಲ್ರಿ? ನಿಶ್ಚಯ ಸ್ವಲ್ಪ ತಡೀರಿ."

ಅವರಿಗೆ ಹೇಳಿದ್ದು ಯಾರು? ಅವ್ವ! ತಾನೇ ಫೋನು ಮಾಡಿ "ಇದು ನನ್ನ ತವರಿನ ಕಡೇದಲ್ಲ" ಎಂದು ಸಮಜಾಯಿಷಿ ಕೊಟ್ಟಿದ್ದಳು.

ಮಗಳು ಊಟ ಮಾಡಲಿಲ್ಲ. ಗಡ್ಡೆ ಇದೆ ಎಂದಾಗಲೂ ನನಗೆ ಇಷ್ಟು ಸಂಕಟ ಆಗಿರಲಿಲ್ಲ.

ಫೆಬ್ರವರಿ 2

ಮುದ್ದೇಬಿಹಾಳಕ್ಕೆ ಹೋಗಿ ಬಂದೆವು. ನಾನು, ಹೆಂಡತಿ, ಮಗಳು. ತಲೆಗೆ ಟೋಪಿ.

ಬೀಗರು ಶಂಕರೆಪ್ಪ ಅಂಗಡಿಯಲ್ಲೇ ಕೂಡಿಸಿ ಚಹಾ ತರಿಸಿದರು. ಮಷಿನ್ ಕಂಡಿತು, ಪಾಠ ಶುರು ಮಾಡಿದೆ. "ಒರಿಜಿನಲ್ ಸ್ವಚ್ಛ ಐತ್ರಿ. ಒಂದ ಕಾಪಿಗೆ ಮಸಿ ಕಲಿ ಬಿತ್ತು. ಆ ಕಾಪಿಯಿಂದ ಮತ್ತ ಕಾಪಿ ತಗದ್ರ ಎಲ್ಲಾದಕ್ಕೂ ಕಲಿ. ಅದ ಗಡ್ಡಿ. ಮಗಳಿಗೆ ಹೋಗಿದ್ದು ಒರಿಜಿನಲ್ಲಿಂದು."

"ನಮ್ಮ ಮಷಿನ್ದಾಗ ಕಲಿ ಬೀಳೂದಿಲ್ರಿ," ಶಂಕರೆಪ್ಪನವರಿಗೆ ಬೇಜಾರಾಯಿತು.

ರೇವವ್ವ ಬಾಂಡ್ ಪೇಪರ್ ಮುಂದಿಟ್ಟರು. "ಮೊಮ್ಮಕ್ಕಳಿಗೆ ಹಿಂತಾ ಬ್ಯಾನಿ ಎಂದೂ ಬರೂದಿಲ್ಲಂತ ಬರದು ಸಹಿ ಮಾಡ್ರಿ, ಮಾಸ್ತರ."

ಹೆಂಡತಿ ಮೊಣಕೈಯಿಂದ ತಿವಿದಳು. ಒಂದು ಸಾಲು, ಬರೆಯಬಹುದಿತ್ತು. ಕೈ ಓಡಲಿಲ್ಲ. "ನನ್ನ ಗಡ್ಡಿಯಿಂದ ಬರೂದಿಲ್ಲಂತ ಬರೀತೇನ್ರಿ. ಎಂದೂ ಬರೂದಿಲ್ಲಂತ ಯಾರ ಬಗ್ಗೆನೂ ಬರಿಯಾಕ ಆಗೂದಿಲ್ಲ."

ಸಂಬಂಧ ಮುರಿಯಿತು ಅಂದುಕೊಂಡೆ.

ಭಾಗ್ಯಜ್ಯೋತಿ ಪೆನ್ನು ತೆಗೆದು ರೇವವ್ವನ ಮುಂದೆ ಹಿಡಿದಳು. "ಹಂಗಾರ ನೀವೂ ಬರೀರಿ ಅತ್ತ್ಯಾರ. ನಿಮ್ಮ ಕಡಿಂದ ಸಕ್ಕರಿ ಬ್ಯಾನಿ, ಬೋಳತಲಿ ಬರೂದಿಲ್ಲಂತ."

ಶಂಕರೆಪ್ಪ ತಮ್ಮ ಬೋಳುತಲೆ ಸವರಿಕೊಂಡರು. ಮೊದಲು ನಕ್ಕವರು ಅವರೇ. ರೇವವ್ವ ಸೆರಗು ಬಾಯಿಗಿಟ್ಟು ನಗು ತಡೆದು ನೋಡಿದರು, ಆಗಲಿಲ್ಲ.

"ಏನ ಬಾಯಿ ಐತ್ವಾ ನಿಂದು! ಮಾಸ್ತರ, ಈ ಬಾಯಿ ಮೊಮ್ಮಕ್ಕಳಿಗೆ ಬರತೈತೇನ್ರಿ?"

"ಅದು ಖಾತ್ರಿ ಬರತೈತ್ರಿ."

ಬಾಂಡ್ ಪೇಪರ್ ಡ್ರಾವರಿಗೆ ವಾಪಸ್ ಹೋಯಿತು.

ಫೆಬ್ರವರಿ 12, ಸೊಲ್ಲಾಪುರ, 11 ಗಂಟೆ

ನಿಶ್ಚಯ ಮೊನ್ನೆ ಆಯಿತು. ಇವತ್ತು ಮೊದಲ ರೇಡಿಯೇಶನ್. ತಲೆ ಅಲುಗದಂತೆ ಹಿಡಿಯಲು ಮುಖದ ಅಳತೆಗೆ ಜಾಳಿಗೆಯಂಥ ಮಾಸ್ಕ್ ಮಾಡಿದ್ದಾರೆ. ಹೆದರಿಕೆ ಇದೆ. ಇಲ್ಲವೆಂದು ಇಲ್ಲಿ ಬರೆದು ಯಾರಿಗೆ ತೋರಿಸಬೇಕು?

ಅಂಗಡಿ ಬಂದ್ ಮಾಡಿ ಕರೆತಂದವನು ಸಂಗನಬಸು. ದಾರಿಯುದ್ದಕ್ಕೂ ನಾಲ್ಕೇ ಮಾತು.

ಈಗಷ್ಟೇ ನರ್ಸ್ ಬಂದು ಕೇಳಿದಳು, "ಪೇಷಂಟ್ ಕೂಡ ಯಾರದಾರ್ರಿ?"

ನನಗಿಂತ ಮೊದಲೇ ಎದ್ದ. "ನಾ ಅದೀನ್ರಿ. ಮಗ."

ಅಳಿಯ ಎಂದು ತಿದ್ದಬೇಕು. ಅದೂ ಇನ್ನೂ ಆಗಿಲ್ಲ. ಬಾಯಿ ತೆರೆದೆ, ಆದರೆ ಈ ಒಂದು ತಪ್ಪನ್ನು ತಿದ್ದಲಿಲ್ಲ.